ಮೆಣಸಿನ ಬಳ್ಳಿಯಿಲ್ಲದ ಟಾಕೀಸು

ಮೂಡಿಗೆರೆ ಸೀಮೆಯ ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತ ನಿಂತರೆ ಮಾತು ಮಳೆಯಿಂದ ಶುರುವಾಗುತ್ತದೆ. ಕಾಫಿ ರೇಟಿಗೆ ಹೊರಳಿ, ಆನೆ ಕಾಟ ಮುಗಿಸಿ, ಕಡೆಗೆ ಮದುವೆ ನಡೆಯುತ್ತಿರುವ ಕಟ್ಟಡಕ್ಕೇ ಬಂದು ನಿಲ್ಲುತ್ತದೆ. ‘ಇದು ಮುಂಚೆ ಟಾಕೀಸಾಗಿತ್ತಲ್ಲ ಮಾರಾಯ್ರೆ?’ ಎಂದು ಒಬ್ಬರು ಕೇಳುತ್ತಾರೆ. ‘ಹೌದು, ಪಾಪ, ಕೊನೇಲಿ ಡಿಜಿಟಲ್ ಪ್ರೊಜೆಕ್ಟರ್ ಬೇರೆ ಹಾಕ್ಸಿದ್ರು. ಹೊಳೆಗೆ ಹುಣಸೆಹಣ್ಣು ತೇದಂಗಾಯ್ತು. ಮೊಬೈಲ್ ಬಂದ್ಮೇಲೆ ಯಾರು ಬರ್ತಾರೆ ಹೇಳಿ?’ ಎಂದು ಇನ್ನೊಬ್ಬರು. ಸುತ್ತಲಿನವರು ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಪಂಕ್ತಿ ಏಳುತ್ತದೆ, ಎಲ್ಲರೂ ಎಲೆ ಹಿಡಿಯಲು ನುಗ್ಗುತ್ತಾರೆ. ಒಂದು ಉದ್ಯಮದ ಮರಣೋತ್ತರ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಈ ತೀರ್ಪನ್ನು ಎಷ್ಟು ಮದುವೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಸಣ್ಣ ಊರಿಗೆ ಡಿಜಿಟಲ್ ಪ್ರೊಜೆಕ್ಟರ್ ದಂಡ, ಓಟಿಟಿ ಬಂದಮೇಲೆ ಟಾಕೀಸಿಗೆ ಕಾಲವಿಲ್ಲ, ಜಾಗ ಇದ್ದವರು ಕಲ್ಯಾಣ ಮಂಟಪ ಮಾಡಿಕೊಳ್ಳುವುದು ಜಾಣತನ. ಮೂರೂ ಮಾತು ಒಂದೇ ಉಸಿರಿನಲ್ಲಿ ಬರುತ್ತವೆ. ಮೂರೂ ತಪ್ಪು. ಮೊದಲನೆಯದು ಮಾತ್ರ ಬರೀ ತಪ್ಪಲ್ಲ, ಅಪವಾದ. ಮಾಡಿದವರನ್ನು ಬಿಟ್ಟು ಯಂತ್ರದ ತಲೆಗೆ ಕಟ್ಟಿದ ಅಪವಾದ.

ತಲೆಯಾಡಿಸಿದ ಅದೇ ಮಹನೀಯರ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇದೆ. ಅರೇಬಿಕಾ ಹಣ್ಣಿನ ಕಾಲ ನವೆಂಬರ್‌ನಿಂದ ಜನವರಿಯವರೆಗೆ. ಪಲ್ಪರ್ ತಿರುಗುವುದು ಹೆಚ್ಚೆಂದರೆ ಮೂರು ತಿಂಗಳು. ಉಳಿದ ಒಂಬತ್ತು ತಿಂಗಳು ಟಾರ್ಪಾಲು ಹೊದ್ದು ಮಲಗಿರುತ್ತದೆ. ಅದು ದಂಡ ಎಂದು ಯಾರಾದರೂ ಅಂದದ್ದುಂಟೆ? ಇಲ್ಲ, ಏಕೆಂದರೆ ತೋಟದವನಿಗೆ ತೋಟದ ಲೆಕ್ಕ ಗೊತ್ತು. ಸಿಲ್ವರ್ ಓಕ್ ಮರಕ್ಕೆ ಮೆಣಸು ಹಬ್ಬಿಸಿರುತ್ತಾನೆ, ತಗ್ಗಿನಲ್ಲಿ ಅಡಿಕೆ ಇಟ್ಟಿರುತ್ತಾನೆ, ನೆರಳಿರುವಲ್ಲಿ ಒಂದಿಷ್ಟು ಏಲಕ್ಕಿ. ಕಾಫಿ ಕೈಕೊಟ್ಟ ವರ್ಷ ಮೆಣಸು ಮಾನ ಉಳಿಸುತ್ತದೆ. ನೆರಳಿಗೆಂದು ನೆಟ್ಟ ಮರವೇ ಬಳ್ಳಿಗೆ ಆಸರೆ, ಅದಕ್ಕೆ ಬೇರೆ ಖರ್ಚಿಲ್ಲ. ಮಲೆನಾಡಿನ ಬೇಸಾಯದ ಬುದ್ಧಿಯೆಲ್ಲ ಇರುವುದು ಇಲ್ಲಿ. ಇದೇ ಜನ ಟಾಕೀಸು ಕಟ್ಟಿದಾಗ ಆ ಬುದ್ಧಿಯನ್ನು ತೋಟದ ಗೇಟಿನಲ್ಲೇ ಬಿಟ್ಟು ಬಂದರು. ಒಂದು ಪರದೆ, ಒಂದು ಸಿನಿಮಾ, ನಾಲ್ಕು ಆಟ, ಶುಕ್ರವಾರದಿಂದ ಗುರುವಾರದವರೆಗೆ. ಶುದ್ಧ ಒಂಟಿ ಬೆಳೆ. ಅದೂ ಯಾವ ಬೆಳೆ ಎಂದು ತೀರ್ಮಾನಿಸುವವನು ಗಾಂಧಿನಗರದಲ್ಲಿ ಕೂತ ಹಂಚಿಕೆದಾರ.

ರೀಲಿನ ಕಾಲದಲ್ಲಿ ಇದಕ್ಕೆ ಕಾರಣವಿತ್ತು, ಒಪ್ಪುತ್ತೇನೆ. ಎರಡೂವರೆ ಗಂಟೆಯ ಸಿನಿಮಾ ಎಂದರೆ 13,000 ಅಡಿಗೂ ಮಿಕ್ಕಿದ ಫಿಲ್ಮು. ಒಂದು ಪ್ರಿಂಟ್ ಹಾಕಿಸಲು ಹತ್ತಾರು ಸಾವಿರ ರೂಪಾಯಿ ಬೇಕಿತ್ತು. ಅಷ್ಟು ಬೆಲೆಯ ಪೆಟ್ಟಿಗೆಯನ್ನು ಕಳಸದಂಥ ಊರಿಗೆ ಮೊದಲ ವಾರವೇ ಕಳಿಸುವ ಹುಚ್ಚು ಯಾರಿಗೂ ಇರಲಿಲ್ಲ. ಬೆಂಗಳೂರು, ಹಾಸನ, ಶಿವಮೊಗ್ಗ ಎಲ್ಲ ಮುಗಿಸಿ ಬಸ್ಸಿನ ಟಾಪಿನ ಮೇಲೆ ಆ ಪೆಟ್ಟಿಗೆ ಘಾಟಿ ಹತ್ತುವಷ್ಟರಲ್ಲಿ ಹಾಡುಗಳು ಬಾಯಿಪಾಠವಾಗಿರುತ್ತಿದ್ದವು. ಫಿಲ್ಮಿನ ಮೈಯೆಲ್ಲ ಗೀರು. ಜುಲೈ ತಿಂಗಳಲ್ಲಿ ಬೆಂಚಿನ ಮೇಲೆ ಕೂತರೆ ಹೊರಗೂ ಮಳೆ, ಪರದೆಯ ಮೇಲೂ ಮಳೆ. ಅಷ್ಟು ಕಷ್ಟಪಟ್ಟು ಬಂದ ಪೆಟ್ಟಿಗೆಯನ್ನು ಒಂದು ವಾರವಾದರೂ ಓಡಿಸದೆ ವಾಪಸು ಕಳಿಸುವವರಾರು?

ಈ ಸಹಸ್ರಾರು ಅಡಿಯ ಹೊರೆಯನ್ನು ಇಳಿಸಲೆಂದೇ ಡಿಜಿಟಲ್ ಬಂದದ್ದು. ಹಾಲಿವುಡ್‌ನ ಸ್ಟುಡಿಯೋಗಳು ಕೂಡಿ ಡಿಜಿಟಲ್ ಸಿನಿಮಾದ ಮಾನದಂಡ ಪ್ರಕಟಿಸಿದ್ದು 2005ರಲ್ಲಿ. ನಮ್ಮಲ್ಲಿ ಯುಎಫ್‌ಒ, ಚೆನ್ನೈನ ಕ್ಯೂಬ್ ಕಂಪನಿಗಳು ಹೆಚ್ಚೂಕಡಿಮೆ ಅದೇ ಹೊತ್ತಿಗೆ ಕೆಲಸ ಶುರುಮಾಡಿದವು. ಅದಾದ ಹತ್ತು ವರ್ಷದೊಳಗೆ ರೀಲು ಗುಜರಿಗೆ ಹೋಯಿತು. ಈಗ ಸಿನಿಮಾ ಎಂದರೆ ಒಂದು ಕಡತ. ಉಪಗ್ರಹದಲ್ಲಿ ಇಳಿಯುತ್ತದೆ, ಇಲ್ಲವೇ ಹಾರ್ಡ್ ಡಿಸ್ಕಿನಲ್ಲಿ ಬರುತ್ತದೆ. ಬೀಗ ತೆಗೆಯುವ ಕೀ ಬೇರೆಯಾಗಿ ಬರುತ್ತದೆ. ಬೆಳಗ್ಗೆ ಒಂದು ಸಿನಿಮಾ, ಮ್ಯಾಟ್ನಿಗೆ ಇನ್ನೊಂದು, ಫಸ್ಟ್ ಶೋಗೆ ಮತ್ತೊಂದು ಹಾಕಲು ಆಪರೇಟರ್ ಬೆರಳು ಆಡಿಸಿದರೆ ಸಾಕು. ಮರ ನೆಟ್ಟಾಗಿದೆ, ಬಳ್ಳಿ ಹಬ್ಬಿಸುವುದೊಂದೇ ಬಾಕಿ.

ಹಬ್ಬಿಸಿದರೇ? ಇಲ್ಲ. ಸಾವಿರ ಪ್ರಿಂಟ್ ತಾಕತ್ತಿನ ಯಂತ್ರವನ್ನು ತಂದು ಒಂದೇ ಪ್ರಿಂಟ್ ಇರುವವರಂತೆ ಓಡಿಸಿದರು. ಅದೇ ಸಿನಿಮಾ, ಅದೇ ನಾಲ್ಕು ಆಟ. ಸೋಮವಾರದ ಮ್ಯಾಟ್ನಿಗೆ ಏಳು ಜನ, ಮಂಗಳವಾರ ನಾಲ್ಕು, ಬುಧವಾರ ‘ಜನ ಇಲ್ಲ, ಆಟ ಇಲ್ಲ’. ಟ್ರ್ಯಾಕ್ಟರ್ ತಂದು ಅದಕ್ಕೆ ಎತ್ತು ಕಟ್ಟಿ ಉತ್ತವನು, ಟ್ರ್ಯಾಕ್ಟರ್ ಲುಕ್ಸಾನು ಎಂದು ಸಂತೆಯಲ್ಲಿ ಹೇಳಿಕೊಂಡು ತಿರುಗಿದ ಹಾಗಾಯಿತು.

ಟಾಕೀಸಿನವರನ್ನೇ ಬೈದರೆ ಅನ್ಯಾಯ. ಅವರ ಕೈ ಕಟ್ಟಿದ್ದ ಹಗ್ಗವೊಂದಿತ್ತು, ಅದರ ಹೆಸರು ಕರಾರು. ಬಹುತೇಕ ಸಣ್ಣ ಊರುಗಳಲ್ಲಿ ಪ್ರೊಜೆಕ್ಟರ್ ಮಾಲೀಕನದ್ದಲ್ಲ, ಕಂಪನಿಯದ್ದು. ಕಡಿಮೆ ಮುಂಗಡಕ್ಕೆ ಯಂತ್ರ ಕೂರಿಸುತ್ತಾರೆ. ಬದಲಿಗೆ ಪರದೆಯ ಮೇಲಿನ ಜಾಹೀರಾತಿನ ಹಕ್ಕು ಅವರಿಗೆ. ಸಿನಿಮಾ ಕೊಡುವ ನಿರ್ಮಾಪಕನಿಂದ ಆಟಕ್ಕಿಷ್ಟು, ಇಲ್ಲವೇ ಪರದೆಗಿಷ್ಟು ಎಂದು ಶುಲ್ಕ ವಸೂಲಿ ಬೇರೆ. ಇದಕ್ಕೆ ವರ್ಚುವಲ್ ಪ್ರಿಂಟ್ ಫೀ ಎಂದು ಹೆಸರು. ಹೆಸರಲ್ಲೇ ತಮಾಷೆ ಇದೆ ನೋಡಿ: ಇಲ್ಲದ ಪ್ರಿಂಟಿಗೆ ಕೊಡುವ ದುಡ್ಡು. ರೀಲಿನ ಖರ್ಚನ್ನು ತಂತ್ರಜ್ಞಾನ ಮುಂಬಾಗಿಲಿನಿಂದ ಓಡಿಸಿತು, ಕರಾರು ಅದನ್ನೇ ಹಿತ್ತಲಿನಿಂದ ಒಳಗೆ ಕರೆದುಕೊಂಡಿತು. ಕಳಸದಲ್ಲಿ ವಾರಕ್ಕೆ ಎರಡು ಆಟ ಓಡಬಹುದಾದ ಸಣ್ಣ ಸಿನಿಮಾದ ನಿರ್ಮಾಪಕ ಈ ಶುಲ್ಕ ನೋಡಿಯೇ ‘ಬೇಡ ಬಿಡಿ’ ಎನ್ನುತ್ತಾನೆ. ಬಳ್ಳಿ ನೆಡುವ ಮೊದಲೇ ಕಂದಾಯ ಹಾಕಿದಂತೆ.

ಅಮೆರಿಕದಲ್ಲೂ ಈ ಶುಲ್ಕ ಇತ್ತು. ಆದರೆ ಯಂತ್ರದ ಸಾಲ ತೀರುವವರೆಗೆ ಎಂಬ ಗಡುವಿನೊಂದಿಗೆ. ನಮ್ಮಲ್ಲಿ ಗಡುವಿಲ್ಲ ಎಂದೇ 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಬೀದಿಗೆ ಬಂದದ್ದು. ತಮಿಳುನಾಡಿನಲ್ಲಿ ಸುಮಾರು ಒಂದೂವರೆ ತಿಂಗಳು ಹೊಸ ಸಿನಿಮಾ ಬಿಡುಗಡೆಯಾಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಯುಎಫ್‌ಒ, ಕ್ಯೂಬ್ ಎರಡಕ್ಕೂ ದಂಡ ವಿಧಿಸಿತು. ಗುತ್ತಿಗೆಗೆ ಯಂತ್ರ ಪಡೆದ ಚಿತ್ರಮಂದಿರಗಳು ಬೇರೆ ಕಡೆ ತಯಾರಾದ ಕಡತ ಹಾಕದಂತೆ ಈ ಕಂಪನಿಗಳು ಕರಾರಿನಲ್ಲಿ ಕಟ್ಟಿಹಾಕಿದ್ದವು ಎಂಬ ಕಾರಣಕ್ಕೆ. ಮದುವೆ ಮನೆಯ ಪಂಡಿತರು ಈ ಸುದ್ದಿ ಓದಿದ್ದಾರೋ ಇಲ್ಲವೋ. ‘ಮೊಬೈಲ್ ಬಂತು’ ಎನ್ನುವುದು ಸುಲಭ, ಅದಕ್ಕೆ ಕರಾರು ಪತ್ರ ಓದಬೇಕಾಗಿಲ್ಲ.

ಇದು ಕಾಫಿಯವರಿಗೆ ಹೊಸ ಕತೆಯೇನೂ ಅಲ್ಲ. 1990ರ ದಶಕದ ಮಧ್ಯದವರೆಗೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಸುರಿದು, ಕಂತುಕಂತಾಗಿ ಬರುವ ದುಡ್ಡಿಗೆ ಬಾಯಿಬಿಟ್ಟುಕೊಂಡು ಕಾದವರು ಇವರೇ. ಮುಕ್ತ ಮಾರಾಟ ಬಂದಾಗ ‘ನಮ್ಮ ಕಾಫಿ ನಮ್ಮ ಕೈಗೆ ಬಂತು’ ಎಂದು ಪಟಾಕಿ ಹೊಡೆಯದಿದ್ದರೂ ಹೊಡೆದಷ್ಟೇ ಖುಷಿಪಟ್ಟವರು. ಟಾಕೀಸಿನವನು ಇನ್ನೂ ಪೂಲಿನಲ್ಲೇ ಇದ್ದಾನೆ ಎಂಬುದು ಮಾತ್ರ ಅವರ ಕಣ್ಣಿಗೆ ಬಿದ್ದಿಲ್ಲ.

ಹಾಗಾದರೆ ಯಂತ್ರವನ್ನು ಸ್ವಂತಕ್ಕೆ ಕೊಂಡರೆ ಗಿಟ್ಟುತ್ತದೆಯೇ? ಲೆಕ್ಕ ಹಾಕೋಣ. ಊಹೆಯ ಅಂಕಿ ಇಟ್ಟುಕೊಂಡೇ, ಆದರೆ ಕೈಬಿಗಿಹಿಡಿದು. ಪ್ರೊಜೆಕ್ಟರ್, ಸರ್ವರ್, ಧ್ವನಿ ಎಲ್ಲ ಸೇರಿ 30 ಲಕ್ಷ ಎನ್ನಿ. ಅಷ್ಟನ್ನೂ ಶೇ 11ರ ಬಡ್ಡಿಯಲ್ಲಿ ಎಂಟು ವರ್ಷಕ್ಕೆ ಸಾಲ ಎತ್ತಿದರೆ ತಿಂಗಳ ಕಂತು 47 ಸಾವಿರ ಚಿಲ್ಲರೆ. ವರ್ಷಕ್ಕೆ 300 ದಿನ ಆಟ ನಡೆದರೆ ದಿನಕ್ಕೆ ಬೀಳುವುದು ಸುಮಾರು 1,900 ರೂಪಾಯಿ. ಟಿಕೆಟ್ 100 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ನೂರರವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಅದನ್ನು ಕಳೆಯಿರಿ. ಉಳಿದದ್ದರಲ್ಲಿ ಅರ್ಧ ಸಿನಿಮಾದವನ ಪಾಲು. ಟಾಕೀಸಿಗೆ ಟಿಕೆಟ್ಟಿಗೆ 47 ರೂಪಾಯಿ ಉಳಿಯಿತು. ಯಂತ್ರದ ಕಂತು ತೀರಲು ದಿನಕ್ಕೆ 40 ಜನ ಬೇಕು. ಒಂದು ಆಟಕ್ಕಲ್ಲ, ಇಡೀ ದಿನಕ್ಕೆ.

ನಲವತ್ತು ಜನ! ಕಳಸದಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಜನ ನಿಂತಿರುತ್ತಾರೆ. ಕರೆಂಟು, ಸಂಬಳ, ಕಟ್ಟಡದ ಖರ್ಚು ಬೇರೆ ಇದೆ, ಗೊತ್ತು. ಅವು ರೀಲಿನ ಕಾಲದಲ್ಲೂ ಇದ್ದವು. ಅವನ್ನು ಪ್ರೊಜೆಕ್ಟರ್ ತಲೆಗೆ ಕಟ್ಟಬೇಡಿ.

ಆ ನಲವತ್ತು ಜನರನ್ನು ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ‘ದೊಡ್ಡ ಹೀರೋ ಸಿನಿಮಾ ವರ್ಷಕ್ಕೆ ನಾಲ್ಕು ಬಂದ್ರೆ ಟಾಕೀಸು ಉಳೀತದೆ’ ಎನ್ನುವುದು ಉದ್ಯಮದವರ ಮಂತ್ರ. ಇದು ಮದುವೆ ಮನೆಯ ತೀರ್ಪಿಗಿಂತ ಅಪಾಯಕಾರಿ, ಏಕೆಂದರೆ ಕೇಳಲು ಹಿತವಾಗಿದೆ. ‘ಕೆಜಿಎಫ್’ ಎರಡನೇ ಭಾಗ, ‘ಕಾಂತಾರ’ ಬಂದ ವಾರಗಳಲ್ಲಿ ಯಾವ ಟಾಕೀಸೂ ತುಂಬುತ್ತದೆ, ಸರಿ. ವರ್ಷದ ಉಳಿದ ನಲವತ್ತೆಂಟು ವಾರ? ಕನ್ನಡದಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ಬರುತ್ತವೆ. ಬಹುಪಾಲು ಒಂದು ವಾರದಲ್ಲಿ ಕಣ್ಮರೆ. ಅವುಗಳಲ್ಲಿ ಯಾವುದು ನಮ್ಮೂರಿಗೆ ಹೊಂದುತ್ತದೆ ಎಂದು ಆರಿಸುವ ಕೆಲಸವನ್ನು ಟಾಕೀಸಿನವರು ಎಂದೂ ತಮ್ಮದೆಂದುಕೊಳ್ಳಲಿಲ್ಲ. 2025ರ ಜುಲೈ 25ಕ್ಕೆ, ಮಳೆ ಹುಯ್ಯುತ್ತಿರುವಾಗ, ‘ಸು ಫ್ರಮ್ ಸೋ’ ಬಂತು. ದೊಡ್ಡ ಹೀರೋ ಇಲ್ಲ, ಕರಾವಳಿಯ ಒಂದು ಹಳ್ಳಿ, ಒಂದು ದೆವ್ವದ ಗುಲ್ಲು. ನೋಡಿದವರು ಫೋನು ಮಾಡಿ ಹೇಳಿದರು, ಎರಡು ದಿನದಲ್ಲಿ ಊರೂರಲ್ಲಿ ಆಟ ಹೆಚ್ಚಿಸಬೇಕಾಯಿತು. ರೀಲಿನ ಕಾಲವಾಗಿದ್ದರೆ ಹೊಸ ಪ್ರಿಂಟ್ ಲ್ಯಾಬಿನಿಂದ ಬರುವಷ್ಟರಲ್ಲಿ ಆ ಬಿಸಿ ಆರಿಹೋಗಿರುತ್ತಿತ್ತು. ರಾತ್ರೋರಾತ್ರಿ ಆಟ ಸೇರಿಸಲು ಆದದ್ದು ಯಾವುದರಿಂದ? ಅದೇ, ಹೊಳೆಗೆ ತೇದ ಹುಣಸೆಹಣ್ಣಿನಿಂದ.

ಇನ್ನು ಭಾಷೆ. ಈ ಗುಡ್ಡಗಳಲ್ಲಿ ಕನ್ನಡ ಒಂದೇ ಕೇಳುತ್ತದೆ ಎಂದುಕೊಂಡವರು ತೋಟದ ಕೂಲಿಯವರ ಲೈನ್ ಮನೆಗಳ ಕಡೆ ಹೋಗಿಲ್ಲ. ಕಳಸ, ಬಾಳೆಹೊಳೆ ಕಡೆ ತುಳುವರಿದ್ದಾರೆ. ತುಳುವಿನಲ್ಲಿ ಈಗ ಜನ ನುಗ್ಗಿ ನೋಡುವಂಥ ಸಿನಿಮಾಗಳು ಬರುತ್ತವೆ, ಬಂದವು ಘಾಟಿಯ ಕೆಳಗೇ ನಿಲ್ಲುತ್ತವೆ. ಬ್ಯಾರಿಗಳು, ಮಲಯಾಳಿಗಳು, ತಲೆಮಾರುಗಳಿಂದ ಇಲ್ಲೇ ಇರುವ ತಮಿಳರು. ಕೆಲವು ವರ್ಷಗಳಿಂದ ಹಣ್ಣು ಕೊಯ್ಯಲು ಅಸ್ಸಾಂನಿಂದ, ಜಾರ್ಖಂಡಿನಿಂದ, ಬಂಗಾಳದಿಂದ ಬಂದವರು. ಶನಿವಾರ ಬಟವಾಡೆ ಆದಮೇಲೆ ಭಾನುವಾರ ಮೂಡಿಗೆರೆ ಪೇಟೆಯಲ್ಲಿ ಮೊಬೈಲ್ ಅಂಗಡಿಯ ಮುಂದೆ, ಬಟ್ಟೆ ಅಂಗಡಿಯ ಮುಂದೆ ಗುಂಪುಗುಂಪಾಗಿ ನಿಂತಿರುತ್ತಾರೆ. ಕೈಯಲ್ಲಿ ದುಡ್ಡು ಇದೆ, ಹೋಗಲು ಜಾಗವಿಲ್ಲ. ಭಾನುವಾರ ಹನ್ನೊಂದು ಗಂಟೆಗೆ ಒಂದು ಹಿಂದಿ ಸಿನಿಮಾ, ತಿಂಗಳಿಗೊಮ್ಮೆ ಒಂದು ಬಂಗಾಳಿ ಇಲ್ಲವೇ ಅಸ್ಸಾಮಿ ಸಿನಿಮಾ ಹಾಕಲು ಯಂತ್ರಕ್ಕೆ ಏನು ತೊಂದರೆ? ‘ನಮ್ಮ ಟಾಕೀಸಿನಲ್ಲಿ ಅದೆಲ್ಲ ನಡೆಯಲ್ಲ’ ಎಂದು ಒಬ್ಬ ಮಾಲೀಕರು ನನಗೆ ಹೇಳಿದರು. ಆ ದಿನ ಅವರ ಟಾಕೀಸಿನಲ್ಲಿ ನಡೆಯುತ್ತಿದ್ದ ಆಟಕ್ಕೆ ಒಂಬತ್ತು ಜನ ಇದ್ದರು. ನಾನೂ ಸೇರಿ.

ಕನ್ನಡ ಸಿನಿಮಾಕ್ಕೆ ಇದರಿಂದ ಪೆಟ್ಟು ಎನ್ನುವ ಕನ್ನಡ ಸಂಘಟನೆಗಳ ಗೆಳೆಯರಿಗೂ ಒಂದು ಮಾತು. ಖಾಲಿ ಹಾಲಿನಲ್ಲಿ ಓಡುವ ಕನ್ನಡ ಸಿನಿಮಾದಿಂದ ಕನ್ನಡಕ್ಕೆ ಯಾವ ಲಾಭವೂ ಇಲ್ಲ. ಟಾಕೀಸು ಮಂಟಪವಾದರೆ ಅಲ್ಲಿ ಕನ್ನಡವೂ ಇಲ್ಲ, ಬಂಗಾಳಿಯೂ ಇಲ್ಲ, ಬರೀ ಬ್ಯಾಂಡು. ಕನ್ನಡಕ್ಕೆ ಏನಾದರೂ ಮಾಡಬೇಕೆನ್ನಿಸಿದರೆ ಸೆಪ್ಟೆಂಬರ್ 8 ಇದೆಯಲ್ಲ, ಸಾಹಿತಿ ಪೂರ್ಣಚಂದ್ರ ತೇಜಸ್ವಿ ಹುಟ್ಟಿದ ದಿನ. ಮೂಡಿಗೆರೆಯಲ್ಲಿ ಬಾಳಿ ಬರೆದ ಆ ಮನುಷ್ಯನ ಕತೆಗಳಿಂದ ಹುಟ್ಟಿದ ಸಿನಿಮಾಗಳ ಸಾಲು ನೋಡಿ: 1973ರ ‘ಅಬಚೂರಿನ ಪೋಸ್ಟಾಫೀಸು’, ರಾಷ್ಟ್ರಮಟ್ಟದಲ್ಲಿ ಸ್ವರ್ಣಕಮಲ ಪಡೆದ ಕಾಸರವಳ್ಳಿಯವರ ‘ತಬರನ ಕಥೆ’, ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’, ಸುಮನಾ ಕಿತ್ತೂರು ಮಾಡಿದ ‘ಕಿರಗೂರಿನ ಗಯ್ಯಾಳಿಗಳು’, 2023ರ ‘ಡೇರ್‌ಡೆವಿಲ್ ಮುಸ್ತಫಾ’. ಕೊನೆಯದಕ್ಕಂತೂ ದುಡ್ಡು ಹಾಕಿದವರು ತೇಜಸ್ವಿಯ ಓದುಗರೇ. ಕೊಟ್ಟಿಗೆಹಾರದ ತೇಜಸ್ವಿ ಪ್ರತಿಷ್ಠಾನಕ್ಕೆ ನಾಡಿನ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಬರುತ್ತಾರೆ. ಆ ವಾರ ದಿನಕ್ಕೊಂದು ಆಟದಂತೆ ಈ ಐದನ್ನೂ ತೋರಿಸುವ ಟಾಕೀಸು ಒಂದಿದ್ದರೆ! ಹಳೆಯ ಚಿತ್ರಗಳ ಒಳ್ಳೆಯ ಡಿಜಿಟಲ್ ಪ್ರತಿ ಹೊಂಚಲು ಓಡಾಡಬೇಕು, ಹಕ್ಕಿನವರನ್ನು ಹುಡುಕಬೇಕು. ಓಡಾಡಲಿ.

ಹಳ್ಳಿಯವರಿಗೆ ಅಂಥ ಸಿನಿಮಾ ರುಚಿಸುವುದಿಲ್ಲ ಎನ್ನುವವರು ಹೆಗ್ಗೋಡಿಗೆ ಒಮ್ಮೆ ಹೋಗಿ ಬರಲಿ, ದೂರವೇನಿಲ್ಲ. 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದ ಕೆ.ವಿ. ಸುಬ್ಬಣ್ಣ ಅಡಿಕೆ ಸುಲಿಯುವ ಜನಕ್ಕೆ ಕುರೊಸಾವಾನನ್ನು, ಸತ್ಯಜಿತ್ ರಾಯ್‌ರನ್ನು ತೋರಿಸಿದರು. ಜನ ಕೂತು ನೋಡಿದರು, ಜಗಳವಾಡಿದರು, ಮತ್ತೆ ಬಂದರು. ಅದೂ ಪೆಟ್ಟಿಗೆ ಹೊತ್ತು ತರಬೇಕಾಗಿದ್ದ ಕಾಲದಲ್ಲಿ.

ಸಿನಿಮಾವಲ್ಲದ್ದೂ ಇದೆ. 2023ರ ವಿಶ್ವಕಪ್ ಕ್ರಿಕೆಟ್ಟನ್ನು ಪಿವಿಆರ್ ಐನಾಕ್ಸ್ ತನ್ನ ಪರದೆಗಳಲ್ಲಿ ತೋರಿಸಿತು. ಹಕ್ಕು ಕೊಂಡು, ಅನುಮತಿ ಪಡೆದು ಮಾಡಬೇಕಾದ ಕೆಲಸ, ಸುಮ್ಮನೆ ಡಿಶ್ ಸಿಗಿಸಿ ಮಾಡುವುದಲ್ಲ. ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿದಾಗ ಒಳ್ಳೆಯ ಯಕ್ಷಗಾನ ಪ್ರಸಂಗಗಳ ಚಿತ್ರೀಕರಣ ತೋರಿಸಬಹುದು. ಶಾಲೆಗಳಿಗೆ ಬೆಳಗಿನ ಆಟ ಇಡಬಹುದು. ವಾರಾಂತ್ಯ ಹೋಂಸ್ಟೇಗಳಿಗೆ ಬಂದು, ಮಳೆಗೆ ಸಿಕ್ಕಿ, ರಾತ್ರಿಯಿಡೀ ಕಿಟಕಿ ನೋಡುತ್ತ ಕೂರುವ ಬೆಂಗಳೂರಿನವರು ಇದ್ದಾರೆ. ನೆಟ್‌ವರ್ಕ್ ಸಿಗದೆ ಅವರ ಓಟಿಟಿಯೂ ಗಿರಗಿರ ತಿರುಗುತ್ತಿರುತ್ತದೆ. 2020ರಲ್ಲಿ ಆನ್‌ಲೈನ್ ಪಾಠ ಕೇಳಲು ಮಕ್ಕಳು ಗುಡ್ಡ ಹತ್ತಿ ಕೂತ ಊರುಗಳು ಇವು. ‘ಎಲ್ಲ ಮೊಬೈಲಲ್ಲೇ ನೋಡ್ತಾರೆ’ ಎಂಬ ತೀರ್ಪು ಹುಟ್ಟಿದ್ದು ನಾಲ್ಕು ಗೀಟು ಸಿಗ್ನಲ್ ಇರುವ ಊರಲ್ಲಿ.

ಯಂತ್ರದ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಕೊಂಡವರಲ್ಲಿ ಅರ್ಧ ಜನ ತಪ್ಪು ಯಂತ್ರವನ್ನೇ ಕೊಂಡರು. ಕಳಸದ ಟಾಕೀಸಿಗೆ 4ಕೆ ಬೇಡ. ಅಷ್ಟು ಅಗಲದ ಪರದೆಗೆ 2ಕೆ ಧಾರಾಳ. ಬೇಕಾದದ್ದು ಬೆಳಕು. ಪರದೆಯ ಮೇಲೆ 14 ಫುಟ್-ಲ್ಯಾಂಬರ್ಟ್ ಬೆಳಕು ಬೀಳಬೇಕೆನ್ನುವುದು ಮಾನದಂಡ. ದೀಪ ಹೆಚ್ಚು ದಿನ ಬರಲಿ ಎಂದು ಬೆಳಕು ಇಳಿಸಿ ಓಡಿಸುವ ಟಾಕೀಸುಗಳಲ್ಲಿ ಅರ್ಧವೂ ಇರುವುದಿಲ್ಲ. ರಾತ್ರಿಯ ದೃಶ್ಯ ಬಂದರೆ ನಾಯಕ ಯಾರು, ಖಳ ಯಾರು ತಿಳಿಯದು. ಅದನ್ನು ನೋಡಿದವನು ‘ಇದಕ್ಕಿಂತ ನನ್ನ ಫೋನೇ ವಾಸಿ’ ಎಂದರೆ ಅವನದೇನು ತಪ್ಪು? ಝೆನಾನ್ ದೀಪ ಒಂದೆರಡು ಸಾವಿರ ಗಂಟೆಗೆ ಮುಗಿಯುತ್ತದೆ. ಲೇಸರ್ ಆದರೆ 20,000 ಗಂಟೆಯ ಬಾಳು. ವರ್ಷಕ್ಕೆ ಅದೇ 300 ದಿನ, ದಿನಕ್ಕೆ ಆರು ಗಂಟೆ ಓಡಿಸಿದರೆ ಹತ್ತು ವರ್ಷ ದಾಟುತ್ತದೆ. ಲೇಸರಿನಿಂದ ನಮ್ಮ ಕಡೆ ಇನ್ನೊಂದು ಲಾಭವಿದೆ: ಝೆನಾನ್ ದೀಪ ಉರಿಯುತ್ತಿರುವಾಗ ಕರೆಂಟು ಹೋಗಿ ಫ್ಯಾನು ನಿಂತರೆ ಕಾವಿಗೆ ದೀಪಕ್ಕೇ ಕುತ್ತು. ಆಷಾಢದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಊರಿನಲ್ಲಿ ಯುಪಿಎಸ್ ಇಲ್ಲದೆ ಪ್ರೊಜೆಕ್ಟರ್ ಇಡುವುದು ಕೊಡೆಯಿಲ್ಲದೆ ಆಗುಂಬೆಗೆ ಹೋದಂತೆ. ಬೂಷ್ಟು ಹಿಡಿದ ಪರದೆ ಬದಲಿಸದೆ ಹೊಸ ಯಂತ್ರ ತಂದವರನ್ನೂ ಕಂಡಿದ್ದೇನೆ. ಅದಿರಲಿ.

ಸರ್ಕಾರ ಏನು ಮಾಡಿತು ಎಂದರೆ, ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಲು ಹೊರಟಿತು. 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಬಂತು, ಅದೇ ತಿಂಗಳು ಹೈಕೋರ್ಟ್ ತಡೆಯೂ ಬಂತು. ವಾರಗಟ್ಟಲೆ ಟಿವಿಯಲ್ಲಿ ಚರ್ಚೆ. ನೂರು ರೂಪಾಯಿಗೂ ಟಿಕೆಟ್ ಹೋಗದ ಟಾಕೀಸಿಗೆ ಇದರಿಂದ ಬಂದದ್ದೇನು, ಹೋದದ್ದೇನು? ಪ್ರೊಜೆಕ್ಟರ್ ಗುತ್ತಿಗೆಗೆ ಗಡುವು ಹಾಕಿ, ಹತ್ತು ಸಾವಿರ ಜನರಿರುವ ಊರಿನ ಪರದೆಗೆ ಇಲ್ಲದ ಪ್ರಿಂಟಿನ ಶುಲ್ಕ ಬಿಡಿ ಎಂದು ಒಂದು ಮಾತು ಆಡಿದ್ದರೆ ಅದು ಬೇರೆ ಕತೆ. ಆರುನೂರು ಸೀಟಿನ ಹಾಲನ್ನು ಗೋಡೆ ಕಟ್ಟಿ ನೂರೈವತ್ತರ ಹಾಲು ಮಾಡಿಕೊಳ್ಳಲು 1964ರ ಕಾಯ್ದೆಯಡಿ ಪರವಾನಗಿ ಸುಲಭ ಮಾಡಿದ್ದರೂ ಆಗುತ್ತಿತ್ತು.

ಒಬ್ಬನೇ ಸಾಹುಕಾರ ಇಷ್ಟೆಲ್ಲ ಹೊರಲಾರ ಎಂಬ ಆಕ್ಷೇಪ ಮಾತ್ರ ತೂಕದ್ದು. ಇದಕ್ಕೆ ಉತ್ತರವೂ ಇದೇ ಜಿಲ್ಲೆಯಲ್ಲಿದೆ. 1991ರಲ್ಲಿ ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿ ಮುಚ್ಚಿದಾಗ ಅದರ ಡ್ರೈವರ್, ಕಂಡಕ್ಟರುಗಳೇ ಕೂಡಿ ಸಹಕಾರ ಸಾರಿಗೆ ಕಟ್ಟಿದರು. ಮಲೆನಾಡಿನ ಮೂಲೆಮೂಲೆಗೆ ಬಸ್ಸು ಬಿಟ್ಟರು. ಅದು 2020ರಲ್ಲಿ ನಿಂತುಹೋಯಿತು ಎಂದು ಥಟ್ಟನೆ ಹೇಳುವವರಿದ್ದಾರೆ. ನಿಂತಿತು, ನಿಜ. ಆದರೆ ಸುಮಾರು ಮೂರು ದಶಕ ಓಡಿದ್ದೂ ನಿಜ. ನಾನು ಕೇಳುತ್ತಿರುವುದು ಎಂಟು ವರ್ಷದ ಸಾಲ ತೀರುವಷ್ಟು ಆಯುಷ್ಯ. ಬೆಳೆಗಾರರ ಸಂಘ, ಹೋಂಸ್ಟೇಯವರು, ಪೇಟೆಯ ವರ್ತಕರು ಹತ್ತು ಹತ್ತು ಸಾವಿರದ ಷೇರು ಹಾಕಿದರೆ ಯಂತ್ರದ 30 ಲಕ್ಷಕ್ಕೆ 300 ಜನ ಸಾಕು. ಅರೇಬಿಕಾ ಪಾರ್ಚ್‌ಮೆಂಟ್ ಚೀಲಕ್ಕೆ 20 ಸಾವಿರ ದಾಟಿದ 2025ರಲ್ಲಿ ಹತ್ತು ಸಾವಿರವೆಂದರೆ ಅರ್ಧ ಚೀಲವೂ ಅಲ್ಲ.

ಒಂಬತ್ತು ಜನರಿದ್ದ ಆ ಆಟ ಮುಗಿಸಿ ಹೊರಬಂದಾಗ ಮಾಲೀಕರು ಟಿಕೆಟ್ ಕೌಂಟರಿನಲ್ಲೇ ಕೂತಿದ್ದರು. ಇದನ್ನೆಲ್ಲ ಅವರ ಮುಂದೆ ಒದರಿದೆ. ಸಮಾಧಾನದಿಂದ ಕೇಳಿ, ‘ಎಲ್ಲ ಸರಿ ಸ್ವಾಮಿ, ಫಸ್ಟ್ ಶೋಗೆ ಯಾಕೆ ಜನ ಬರಲ್ಲ ಹೇಳಿ ನೋಡೋಣ’ ಎಂದರು. ಓಟಿಟಿ ಎನ್ನುತ್ತಾರೇನೋ ಎಂದು ಕಾದೆ. ಅವರು ಗೋಡೆಗೆ ಅಂಟಿಸಿದ್ದ ಬಸ್ಸಿನ ವೇಳಾಪಟ್ಟಿ ತೋರಿಸಿದರು. ಹಳ್ಳಿಗಳ ಕಡೆಗೆ ಕೊನೆಯ ಬಸ್ಸು ಎಂಟೂಕಾಲಿಗೆ. ಫಸ್ಟ್ ಶೋ ಬಿಡುವುದು ಒಂಬತ್ತಕ್ಕೆ. ‘ಆಟ ಐದಕ್ಕೇ ಶುರು ಮಾಡಿದ್ರೆ?’ ಎಂದೆ. ಅವರು ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡಿದರು. ‘ಮೊದಲಿಂದ್ಲೂ ಆರೂವರೆಗೇ ಇರೋದು’ ಎಂದು, ಜೇಬಿನಿಂದ ಪೆನ್ನು ತೆಗೆದರು.